ಹಳ್ಳದಿಂದ 18 ಮೀಟರ್ ದೂರದ ಸೈಟು: ಕಾಗದ ಎಲ್ಲಾ ಸರಿ ಇದೆ, ಆದರೆ ನೀರು ನಿಲ್ಲುತ್ತಂತೆ. ಕೊಳ್ಳಬಹುದಾ?

ಮೊದಲ_ಮನೆ:

ಎಲ್ಲರಿಗೂ ನಮಸ್ಕಾರ. ಸರ್ಜಾಪುರ ರಸ್ತೆಯಿಂದ ಒಳಗೆ ಒಂದು ಲೇಔಟ್‌ನಲ್ಲಿ 30×40 ಸೈಟು ನೋಡಿದ್ದೇವೆ. ಊರಿನ ಹೆಸರು ಇಲ್ಲಿ ಬೇಡ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಇಷ್ಟು ವರ್ಷ ಕೂಡಿಟ್ಟ ದುಡ್ಡು, ಅದರ ಮೇಲೆ ಬ್ಯಾಂಕ್ ಸಾಲ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಕೇಳೋಣ ಅನ್ನಿಸಿತು.

ಲೇಔಟ್ ಹಿಂದೆ ಒಂದು ಹಳ್ಳ ಹರಿಯುತ್ತದೆ. ಈಗ ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಯೋಜನಾ ನಕ್ಷೆಯಲ್ಲಿ ಅದು ಮೂರನೇ ದರ್ಜೆಯ ರಾಜಕಾಲುವೆ, ಅಂದರೆ ಮಳೆ ನೀರು ಹರಿಯುವ ಸಣ್ಣ ಕಾಲುವೆ. ಅದರ ನಡುಮಧ್ಯದಿಂದ ನಮ್ಮ ಸೈಟಿನ ಗಡಿಗೆ ಟೇಪು ಹಿಡಿದು ತೋರಿಸಿದರು, 18 ಮೀಟರ್. ಕಾನೂನಿಗೆ 15 ಸಾಕಂತೆ. ಲೇಔಟ್‌ಗೆ ಅನುಮೋದನೆ ಇದೆ. ಪಂಚಾಯತಿ ಕೊಡುವ ಸ್ವತ್ತಿನ ಪತ್ರ ನಮೂನೆ 9, 11ಎ ಇದೆ. ಬ್ಯಾಂಕಿನ ವಕೀಲರೂ ಸರಿ ಇದೆ ಅಂದಿದ್ದಾರೆ. ಮೇಲಿನ ಬೀದಿಯ ಸೈಟಿಗಿಂತ ಚದರಡಿಗೆ 900 ರೂಪಾಯಿ ಕಡಿಮೆ.

ಆದರೆ ಪಕ್ಕದ ಹಳೇ ಮನೆಯ ಅಜ್ಜಿ ಒಬ್ಬರು ಕಾಂಪೌಂಡ್ ಗೋಡೆ ತೋರಿಸಿ, 2022ರ ಮಳೆಯಲ್ಲಿ ನೀರು ಇಲ್ಲಿವರೆಗೆ ಬಂದಿತ್ತು ಅಂದರು. ಗೋಡೆ ಮೇಲೆ ಈಗಲೂ ಕಂದು ಗೆರೆ ಇದೆ. ಏಜೆಂಟ್ ಕೇಳಿದರೆ, ಅದು ಯಾವಾಗಲೋ ಒಂದು ಸಲ ಬಂದ ಮಳೆ, ಈಗ ಗೋಡೆ ಕಟ್ಟಿಯಾಗಿದೆ, ಇನ್ನು ಬರಲ್ಲ ಅನ್ನುತ್ತಾರೆ. ನಮ್ಮ ಯಜಮಾನರು, ಸರ್ಕಾರವೇ ಒಪ್ಪಿದ ಮೇಲೆ ನಿನಗೇನು ಭಯ ಅನ್ನುತ್ತಾರೆ. ಊರಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಬೇಡವೇ ಬೇಡ ಅನ್ನುತ್ತಾರೆ.

ನೀರು ಬರುವ ಜಾಗ ಆದರೆ ಅನುಮತಿ ಹೇಗೆ ಕೊಟ್ಟರು? ಅನುಮತಿ ಇದೆ ಅಂದರೆ ನೀರು ಬರಲ್ಲ ಅಂತ ಅಲ್ವಾ? ತಿಳಿದವರು ದಯವಿಟ್ಟು ಹೇಳಿ.

ಸರಪಳಿ_ಗುಂಟೆ:

ನೋಡಮ್ಮ, ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು. ಬೆಂಗಳೂರಿನ ಪೂರ್ವದ ಹೋಬಳಿಗಳಲ್ಲೇ ಜಾಸ್ತಿ ಕೆಲಸ ಮಾಡಿದ್ದು. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಮನೆ ಕಟ್ಟಲು ಅನುಮತಿ ಸಿಗುತ್ತದಾ? ನೀವು ಹೇಳಿದ ಲೆಕ್ಕದಲ್ಲಿ ಸಿಗುತ್ತದೆ. ಮನೆಗೆ ನೀರು ನುಗ್ಗದೇ ಇರುತ್ತದಾ? ಆ ಗೋಡೆ ಮೇಲಿನ ಗೆರೆ ನೋಡಿದರೆ ನುಗ್ಗುತ್ತದೆ. ಎರಡೂ ನಿಜ. ಅನುಮತಿ ಕೊಡುವವರು ಪಕ್ಕಕ್ಕೆ ಅಳೆಯುತ್ತಾರೆ, ನೀರು ಮೇಲಕ್ಕೆ ಏರುತ್ತದೆ.

ಮೊದಲು ಈ 15 ಮೀಟರ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) 2015ರವರೆಗಿನ ನಗರ ಮಹಾಯೋಜನೆ ಅಂತ ಇದೆಯಲ್ಲ, ಅದು ಜಾರಿಗೆ ಬಂದಿದ್ದು 2007ರಲ್ಲಿ. ಅದರ ಪ್ರಕಾರ ಕೆರೆಯ ಸುತ್ತ 30 ಮೀಟರ್ ಬಿಡಬೇಕು. ಮೊದಲ ದರ್ಜೆಯ ರಾಜಕಾಲುವೆಗೆ 50, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್, ಕಾಲುವೆಯ ಮಧ್ಯದಿಂದ. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದು ಸಾಲದು ಅಂತ ಹೇಳಿ, ಕೆರೆಗೆ 75, ಕಾಲುವೆಗಳಿಗೆ 50, 35, 25 ಮೀಟರ್ ಮಾಡಿತು, ಅದೂ ಕಾಲುವೆಯ ಅಂಚಿನಿಂದ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಮಹಾಯೋಜನೆಯಲ್ಲಿರುವ ಅಳತೆಯನ್ನು ನ್ಯಾಯಮಂಡಳಿ ಬದಲಾಯಿಸಲು ಬರುವುದಿಲ್ಲ ಅನ್ನುವುದು ಅದರ ತೀರ್ಮಾನ. ಹಾಗಾಗಿ ಮತ್ತೆ 30, 50, 25, 15.

ಈಗ ನಿಮ್ಮ ಸೈಟನ್ನು ಇದಕ್ಕೆ ಹಿಡಿದು ನೋಡಿ. 2015ರಲ್ಲಿ ಅಲ್ಲಿ ಕಟ್ಟಬಹುದಿತ್ತು. 2017ರಲ್ಲಿ ಕಟ್ಟುವ ಹಾಗಿರಲಿಲ್ಲ. 2020ರಿಂದ ಮತ್ತೆ ಕಟ್ಟಬಹುದು. ಹಳ್ಳ ಅದೇ, ನೆಲ ಅದೇ, ಮಳೆ ಮಾತ್ರ ಜಾಸ್ತಿಯಾಗಿದೆ. ಕೆರೆಗಳ ಸುತ್ತ ಖಾಲಿ ಬಿಡಬೇಕಾದ ಜಾಗವನ್ನು (ಬಫರ್) ಕೆರೆಯ ವಿಸ್ತೀರ್ಣ ನೋಡಿಕೊಂಡು ಇನ್ನೂ ಕಡಿಮೆ ಮಾಡುವ ತಿದ್ದುಪಡಿ ಮಸೂದೆಯನ್ನೂ 2025ರಲ್ಲಿ ತಂದರು. ನನಗೆ ಅದನ್ನು ಓದಿ ಬಹಳ ಬೇಸರವಾಯಿತು. ಸಣ್ಣ ಕೆರೆ ತುಂಬುವುದಕ್ಕೆ ದೊಡ್ಡ ಮಳೆಯೇ ಬೇಕಿಲ್ಲ. ಕೋಡಿ ಬೀಳುವುದು ಅದೇ ಮೊದಲು.

ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ, ಹಾಗಾಗಿ ನೆರೆ ಹೇಗೆ ಬರುತ್ತದೆ ಅಂತ ಹೊರಗಿನವರಿಗೆ ಅರ್ಥ ಆಗುವುದಿಲ್ಲ. ನಮ್ಮ ಕೆರೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೆ ಒಂದು ಇವೆ. ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ. ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ಎರಡು ಕೆರೆಯ ನಡುವಿನ ದಾರಿಯೇ ರಾಜಕಾಲುವೆ. 2022ರ ಸೆಪ್ಟೆಂಬರ್ 5ರ ಬೆಳಗಿನ ಹೊತ್ತಿಗೆ ನಗರದಲ್ಲಿ 24 ಗಂಟೆಯಲ್ಲಿ 131.6 ಮಿಲಿಮೀಟರ್ ಮಳೆಯಾಗಿತ್ತು. ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅದು ಇರುವುದು ಹಾಲನಾಯಕನಹಳ್ಳಿ ಕೆರೆಗೂ ಸೌಳು ಕೆರೆಗೂ ನಡುವಿನ ತಗ್ಗಿನಲ್ಲಿ. ಮೇಲಿನ ಕೆರೆಯಿಂದ ಹೊರಟ ನೀರು ಕೆಳಗಿನ ಕೆರೆಗೆ ಹೋಗುವ ದಾರಿಯಲ್ಲಿ ತಗ್ಗು ಎಲ್ಲಿದೆಯೋ ಅಲ್ಲಿ ನಿಂತಿತು. ಕಾಲುವೆಯಿಂದ 10 ಮೀಟರ್ ದೂರದಲ್ಲಿ ಏಳು ಅಡಿ ಎತ್ತರದಲ್ಲಿರುವ ಮನೆಗೆ ನೀರು ಬರುವುದಿಲ್ಲ. 60 ಮೀಟರ್ ದೂರದಲ್ಲಿದ್ದೂ ಕಾಲುವೆಯ ದಡದಷ್ಟೇ ಮಟ್ಟದಲ್ಲಿರುವ ಮನೆಗೆ ಬರುತ್ತದೆ. ಇಷ್ಟು ಸರಳ. ಆದರೆ ಅನುಮತಿ ಕೊಡುವಾಗ ಈ ಮಟ್ಟವನ್ನು ಯಾರೂ ಕೇಳುವುದಿಲ್ಲ.

ನೀವು ಮಾಡಬೇಕಾದ ಕೆಲಸ ಮೂರಿದೆ. ವಕೀಲರು ಇದನ್ನು ಮಾಡುವುದಿಲ್ಲ.

ತಾಲ್ಲೂಕು ಕಚೇರಿಗೆ ಹೋಗಿ ಆ ಸರ್ವೆ ನಂಬರಿನ ಹಳೇ ಕೈಬರಹದ ಪಹಣಿ ತೆಗೆಸಿ. ಈಗಿನ ಕಂಪ್ಯೂಟರ್ ಪಹಣಿ ಬೇಡ, ಭೂಪರಿವರ್ತನೆ ಆದ ಮೇಲೆ ಅದರಲ್ಲಿ ಏನೂ ಸಿಗುವುದಿಲ್ಲ. ಹಳೆಯದರಲ್ಲಿ ಜಮೀನು ಖುಷ್ಕಿಯೋ (ಮಳೆ ನಂಬಿದ ಒಣ ಜಮೀನು), ತರಿಯೋ, ಬಾಗಾಯ್ತೋ (ತೋಟ) ಅಂತ ಬರೆದಿರುತ್ತದೆ. ತರಿ ಅಂತ ಇದ್ದರೆ ಅಲ್ಲೇ ನಿಂತುಬಿಡಿ. ತರಿ ಅಂದರೆ ಕೆರೆ ನೀರಿನಲ್ಲಿ ಬೆಳೆಯುತ್ತಿದ್ದ ಗದ್ದೆ. ಪಂಪಿಲ್ಲದ ಕಾಲ ಅದು. ತೂಬು (ಕೆರೆಯ ನೀರು ಬಿಡುವ ಕಿಂಡಿ) ಎತ್ತಿದರೆ ನೀರು ತಾನಾಗಿ ಹರಿದು ಗದ್ದೆಗೆ ಬರಬೇಕು. ಅಂದ ಮೇಲೆ ಆ ಜಮೀನು ತೂಬಿಗಿಂತ ತಗ್ಗಿನಲ್ಲಿ ಇರಲೇಬೇಕು. ಕೆರೆಯ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹಾಯುವ ಜಮೀನಿನಲ್ಲಿ, ಮನೆ ಕಟ್ಟಿದವರಿಗೆ ಕೆರೆ ನೀರು ಬಂತು ಅಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಹಿರಿಯರು ನೀರು ಅಲ್ಲಿಗೆ ಬರಲಿ ಅಂತಲೇ ಮಾಡಿಟ್ಟ ಜಾಗ ಅದು.

ಎರಡನೆಯದು ಗ್ರಾಮ ನಕಾಶೆ. ದೊಡ್ಡ ಕಾಲುವೆಗೆ ಜೋಡಿ ಗೆರೆ ಇರುತ್ತದೆ, ಸಣ್ಣ ಹಳ್ಳಕ್ಕೆ ಒಂಟಿ ಗೆರೆ. ಈಗ ಕಾಂಕ್ರೀಟ್ ಗೋಡೆ ಇರುವ ಜಾಗವೂ ನಕಾಶೆಯ ಗೆರೆಯೂ ಒಂದೇನಾ ನೋಡಿ. ಲೇಔಟ್ ಮಾಡುವಾಗ ಹಳ್ಳವನ್ನು ನೇರ ಮಾಡಿ ಮೂಲೆಗೆ ತಳ್ಳುವುದು ಬಹಳ ಕಡೆ ನಡೆದಿದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ಮತ್ತು ಖರಾಬು (ಹಳ್ಳ, ದಾರಿಯಂಥ ಸಾಗುವಳಿಗೆ ಬಾರದ ಜಾಗ) ಸುಮಾರಾಗಿ ಗೊತ್ತಾಗುತ್ತದೆ. ಪಕ್ಕಾ ಬೇಕು ಅಂದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ. ಜಮೀನಿನವರ ಹೆಸರಲ್ಲಿ ಹಾಕಿಸಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಮೂರನೆಯದು ಆ ಅಜ್ಜಿ ತೋರಿಸಿದ ಗೆರೆ. ಅದಕ್ಕಿಂತ ಒಳ್ಳೇ ದಾಖಲೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಒಬ್ಬ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಲೆವೆಲ್ ಪೈಪ್ ತರಲು ಹೇಳಿ. ಬೆರಳು ಗಾತ್ರದ ಪೈಪು, ಒಳಗಿನ ನೀರು ಹೊರಗೆ ಕಾಣುತ್ತದೆ. ಪೂರ್ತಿ ನೀರು ತುಂಬಬೇಕು, ನಡುವೆ ಎಲ್ಲೂ ಗಾಳಿಗುಳ್ಳೆ ಇರಬಾರದು. ಒಂದು ತುದಿಯನ್ನು ಗೋಡೆಯ ಗೆರೆ ಪಕ್ಕ ಹಿಡಿಯಬೇಕು. ಇನ್ನೊಂದು ತುದಿಯನ್ನು ನಿಮ್ಮ ಸೈಟಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಹಿಡಿಯಬೇಕು. ಈ ಕಡೆ ನೀರು ಗೆರೆಗೆ ಸರಿಯಾಗಿ ನಿಲ್ಲುವ ತನಕ ಪೈಪು ಮೇಲೆ ಕೆಳಗೆ ಮಾಡಿ. ಆಗ ಆ ಕಡೆ ಕೋಲಿನ ಮೇಲೆ ನೀರು ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ನೆಲದಿಂದ ಗುರುತಿಗೆ ಎಷ್ಟು ಅಡಿಯೋ, 2022ರಲ್ಲಿ ನಿಮ್ಮ ಸೈಟಿನ ಮೇಲೆ ಅಷ್ಟು ನೀರು ಇತ್ತು. ನಾಲ್ಕೂ ಮೂಲೆಗೆ ಹೀಗೇ ಮಾಡಿ. ಅರ್ಧ ಗಂಟೆಯ ಕೆಲಸ.

ಇನ್ನು ಆ ಕಾಂಕ್ರೀಟ್ ಗೋಡೆ. ಗೋಡೆ ಕಟ್ಟಿದರೆ ಮೇಲಿನಿಂದ ಬರುವ ನೀರು ಬೇಗ ಬರುತ್ತದೆ. ಕೆಳಗೆ ರಸ್ತೆಯ ಮೋರಿ ಕಿರಿದಾಗಿದ್ದರೆ ಅಲ್ಲಿ ತಡೆದು ಹಿಂದಕ್ಕೆ ಏರುತ್ತದೆ. ಹೊರಮಾವು ಕಡೆಯ ಸಾಯಿ ಲೇಔಟ್ ಮತ್ತೆ ಮತ್ತೆ ಮುಳುಗುತ್ತದಲ್ಲ, 2025ರ ಮೇ ತಿಂಗಳಲ್ಲೂ ಮುಳುಗಿತು. ಅಲ್ಲಿ ಕಾಲುವೆ ನೀರು ರೈಲು ಹಳಿಯ ಕೆಳಗಿನ ಕಿರಿದಾದ ಕಿಂಡಿಯಲ್ಲಿ ತೂರಿ ಹೋಗಬೇಕು. ಇನ್ನೊಂದು ವಿಷಯ: ಕಾಲುವೆ ಬಾಯಿತನಕ ತುಂಬಿದಾಗ ನಿಮ್ಮ ಲೇಔಟ್‌ನ ಚರಂಡಿ ನೀರು ಅದಕ್ಕೆ ಇಳಿಯಲು ಆಗುವುದಿಲ್ಲ. ಉಲ್ಟಾ ಕಾಲುವೆ ನೀರೇ ಚರಂಡಿ ಪೈಪಿನಲ್ಲಿ ನಿಮ್ಮ ಬೀದಿಗೆ ಬರುತ್ತದೆ. ಹಾಗಾಗಿ ಗೋಡೆ ನೋಡಿ ಸಮಾಧಾನ ಪಡಬೇಡಿ. ಹಳ್ಳದ ಜೊತೆ ಕೆಳಕ್ಕೆ ನಡೆದುಕೊಂಡು ಹೋಗಿ, ಮುಂದಿನ ಮೋರಿ ಎಷ್ಟು ಅಗಲ ಇದೆ ನೋಡಿ ಬನ್ನಿ.

ತಗ್ಗಿನ_ಮನೆಯವ:

ಸರ್ ಹೇಳಿದ್ದು ಅಕ್ಷರಕ್ಷರ ಸತ್ಯ. ನಾವು ಇಂಥದ್ದೇ ಒಂದು ಲೇಔಟ್‌ನಲ್ಲಿ ಇದ್ದೇವೆ, ಹೆಸರು ಬೇಡ. ಅಕ್ಕಾ, ನೀರು ಬಂದರೆ ಏನೇನಾಗುತ್ತದೆ ಅಂತ ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ.

ಬರುವುದು ಮಳೆ ನೀರಲ್ಲ, ಒಳಚರಂಡಿ ನೀರು ಸೇರಿದ ನೀರು. ಮೊದಲು ಸಂಪಿಗೆ ಇಳಿಯುತ್ತದೆ. ಸಂಪು ಹೋದರೆ ಕುಡಿಯುವ ನೀರು ಹೋಯಿತು. ಆಮೇಲೆ ಬಚ್ಚಲಿನ ಜಾಲರಿಯಿಂದ ಮೇಲಕ್ಕೆ ಉಕ್ಕುತ್ತದೆ. ಬಾಗಿಲಿಗೆ ಮರಳಿನ ಮೂಟೆ ಇಟ್ಟುಕೊಂಡು ಕೂತಿದ್ದೆವು, ನೀರು ಹಿಂದಿನಿಂದ ಬಂತು. ಪ್ಲೈವುಡ್ ವಾರ್ಡ್‌ರೋಬು ಉಬ್ಬಿ ಬಾಗಿಲು ಮುಚ್ಚದ ಹಾಗಾಯಿತು. ಗೋಡೆಯ ತೇವ ಮುಂದಿನ ಬೇಸಿಗೆವರೆಗೂ ಆರಲಿಲ್ಲ. ಅಮ್ಮನ ಗ್ರೈಂಡರು, ಯುಪಿಎಸ್ ಬ್ಯಾಟರಿ ಎಲ್ಲಾ ಗುಜರಿಗೆ.

ಇನ್ನೂ ದೊಡ್ಡ ತಲೆನೋವು ಒಂದಿದೆ. ಆ ಮಳೆ ಆದ ಮೇಲೆ ಹೊಸದಾಗಿ ಕಟ್ಟುವವರೆಲ್ಲ ಸೈಟಿಗೆ ಲೋಡುಗಟ್ಟಲೆ ಮಣ್ಣು ತುಂಬಿಸಿ ಎತ್ತರ ಮಾಡಿಕೊಂಡರು. ಅವರದ್ದು ತಪ್ಪು ಅನ್ನಲಾರೆ, ಎಲ್ಲರಿಗೂ ಅವರವರ ಮನೆ. ಆದರೆ ಅವರ ಸೈಟಿನ ಮೇಲೆ ನಿಲ್ಲುತ್ತಿದ್ದ ನೀರು ಈಗ ನಮ್ಮ ಕಡೆಗೆ ಬರುತ್ತದೆ. ರಸ್ತೆಗೆ ಡಾಂಬರು ಹಾಕುವಾಗಲೂ ಅಷ್ಟೇ, ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕಿದರು. ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗುತ್ತೇವೆ. ಮಣ್ಣು ತುಂಬಲು ಯಾರ ಅನುಮತಿಯೂ ಕೇಳಲಿಲ್ಲ. ರಸ್ತೆ ಎತ್ತರ ಮಾಡುವಾಗಲೂ ಯಾರೂ ಅಳೆಯಲಿಲ್ಲ.

ಮಾರೋಣ ಅಂದರೆ ಮಳೆಗಾಲದಲ್ಲಿ ಬಂದು ನೋಡಿದವರು ವಾಪಸ್ ಬರುವುದಿಲ್ಲ. ಬೇಸಿಗೆಯಲ್ಲಿ ತೋರಿಸಿ ಮಾರಿ ಅನ್ನುತ್ತಾರೆ ಕೆಲವರು. ಅದು ನನ್ನಿಂದ ಆಗುವುದಿಲ್ಲ.

ಪಂಚಾಯತಿ_ನೌಕರ:

ನಾನು ಗ್ರಾಮ ಪಂಚಾಯತಿ ಕಚೇರಿಯಲ್ಲಿ ಕೆಲಸ ಮಾಡುವವನು. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಎಲ್ಲರೂ ಪಂಚಾಯತಿ ದುಡ್ಡು ತಿಂದು ಅನುಮತಿ ಕೊಟ್ಟಿತು ಅನ್ನುತ್ತಾರೆ. ಹಾಗೆ ಮಾಡುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನೆಟ್ಟಗೆ ಕೆಲಸ ಮಾಡುವವರ ಕೈಯಲ್ಲಿ ಏನಿದೆ ಅಂತಲೂ ತಿಳಿದುಕೊಳ್ಳಿ.

ಲೇಔಟ್ ನಕ್ಷೆಗೆ ಅನುಮೋದನೆ ಕೊಡುವುದು ಯೋಜನಾ ಪ್ರಾಧಿಕಾರ, ನಾವಲ್ಲ. ಅಲ್ಲಿಂದ ನಕ್ಷೆ ಬಂದ ಮೇಲೆ ನಾವು ಪಂಚಾಯತಿ ಸ್ವತ್ತುಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9, 11ಎ ಕೊಡುತ್ತೇವೆ. ಮನೆ ಕಟ್ಟಲು ಅರ್ಜಿ ಬಂದರೆ ನೋಡುವುದು ಏನೇನು? ಸ್ವತ್ತು ಯಾರ ಹೆಸರಲ್ಲಿದೆ, ಕಂದಾಯ ಕಟ್ಟಿದ್ದಾರಾ, ಎಷ್ಟು ಮಹಡಿ, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ರಸ್ತೆ ಎಷ್ಟು ಅಗಲ, ಕಾಲುವೆಯಿಂದ ಎಷ್ಟು ದೂರ. ಇಷ್ಟು ಸರಿ ಇದ್ದರೆ ನಾನು ಇಲ್ಲ ಅನ್ನಲು ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಆ ಬೀದಿಯಲ್ಲಿ ನಾನೇ ಮೊಣಕಾಲು ನೀರಿನಲ್ಲಿ ನಿಂತು ಬ್ಲೀಚಿಂಗ್ ಪೌಡರ್ ಹಂಚಿರುತ್ತೇನೆ. ಅದೇ ಬೀದಿಯ ಅರ್ಜಿ ಬಂದಾಗ, ಇಲ್ಲಿ ನೀರು ನಿಲ್ಲುತ್ತದೆ ಅಂತ ಯಾವ ಕಾಲಂನಲ್ಲಿ ಬರೆಯಲಿ? ಬರೆದು ತಿರಸ್ಕರಿಸಿದರೆ ಅವರು ಮೇಲ್ಮನವಿ ಹಾಕುತ್ತಾರೆ. ಯಾವ ನಿಯಮದಡಿ ತಿರಸ್ಕರಿಸಿದೆ ಅಂತ ಮೇಲಿನವರು ನನ್ನನ್ನೇ ಕೇಳುತ್ತಾರೆ.

ಮಣ್ಣು ತುಂಬುವ ವಿಷಯ ಮೇಲೆ ಒಬ್ಬರು ಬರೆದಿದ್ದಾರೆ. ನಮ್ಮಲ್ಲಿ ಬರುವ ಅರ್ಧ ಜಗಳ ಅದೇ. ಪಾಯದ ಎತ್ತರ ರಸ್ತೆಯಿಂದ ಎಷ್ಟಿರಬೇಕು ಅಂತ ನೋಡುತ್ತೇವೆ. ಆ ರಸ್ತೆಯೇ ತಗ್ಗಿನಲ್ಲಿದ್ದರೆ ಆ ಅಳತೆ ಇಟ್ಟುಕೊಂಡು ಏನು ಮಾಡುವುದು?

ಚಿಕ್ಕೋಡಿ_ಎಂಜಿನಿಯರ್:

ನಮಸ್ಕಾರ ರೀ. ಬೆಂಗಳೂರಿನ ವಿಷಯದಲ್ಲಿ ನಾನು ಬರಬಾರದೇನೋ, ಆದರೆ ಮಟ್ಟದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಚಿಕ್ಕೋಡಿ ಭಾಗದಿಂದ ಕೊಲ್ಹಾಪುರ ಹತ್ತಿರ. ನಾನು ಸಿವಿಲ್ ಎಂಜಿನಿಯರ್, ಅಲ್ಲಿಯೂ ಕೆಲಸ ಮಾಡಿದ್ದೇನೆ.

ಮಹಾರಾಷ್ಟ್ರದಲ್ಲಿ ನದಿ ದಡದ ನಕ್ಷೆ ಮೇಲೆ ನೀಲಿ ಗೆರೆ, ಕೆಂಪು ಗೆರೆ ಅಂತ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಲ್ಲಿವರೆಗೆ ಏರುತ್ತದೋ ಅದು ನೀಲಿ. 100 ವರ್ಷಕ್ಕೊಮ್ಮೆಯದು ಕೆಂಪು. ನೀಲಿಯ ಒಳಗೆ ಮನೆ ಕಟ್ಟುವ ಹಾಗಿಲ್ಲ. ನೀಲಿಗೂ ಕೆಂಪಿಗೂ ನಡುವೆ ಕಟ್ಟಬಹುದು, ಆದರೆ ಮನೆಯ ನೆಲ ಕೆಂಪು ಗೆರೆಯ ಮಟ್ಟಕ್ಕಿಂತ ಮೇಲೆ ಇರಬೇಕು. ಅಂದರೆ ಮೊದಲು ಎತ್ತರ ಅಳೆಯುತ್ತಾರೆ, ಆಮೇಲೆ ಗೆರೆ ಎಳೆಯುತ್ತಾರೆ. ಆ ಗೆರೆ ಕೆಲವು ಕಡೆ ನದಿಗೆ ಹತ್ತಿರ ಇರುತ್ತದೆ, ಕೆಲವು ಕಡೆ ಬಹಳ ದೂರ ಹೋಗುತ್ತದೆ. ನೆಲ ಹೇಗಿದೆಯೋ ಹಾಗೆ. ಇಷ್ಟಿದ್ದೂ 2019ರಲ್ಲಿ, 2021ರಲ್ಲಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು. ನೀಲಿ ಗೆರೆಯೊಳಗೂ ಮನೆಗಳು ಎದ್ದಿವೆ. ಗೆರೆ ಎಳೆದ ಮಾತ್ರಕ್ಕೆ ಎಲ್ಲಾ ಸರಿಹೋಗುವುದಿಲ್ಲ. ಆದರೆ ಗೆರೆ ಇದ್ದರೆ ಕೊಳ್ಳುವವರಿಗೆ ಗೊತ್ತಾಗುತ್ತದೆ. ಪಂಚಾಯತಿಯವರು ಕೇಳಿದರಲ್ಲ, ಯಾವ ಕಾಲಂನಲ್ಲಿ ಬರೆಯಲಿ ಅಂತ, ಅವರ ಕೈಗೊಂದು ಕಾಲಂ ಸಿಗುತ್ತದೆ.

ಅಕ್ಕನವರಿಗೆ ಒಂದು ಲೆಕ್ಕ. 25 ವರ್ಷಕ್ಕೊಮ್ಮೆ ಬರುವ ನೆರೆ ಅಂದರೆ, ಒಮ್ಮೆ ಬಂದರೆ ಮುಂದಿನ 25 ವರ್ಷ ಆರಾಮ ಅಂತ ಅಲ್ಲ. ಪ್ರತಿ ವರ್ಷವೂ ನೂರಕ್ಕೆ ನಾಲ್ಕರಷ್ಟು ಸಾಧ್ಯತೆ ಅಂತ. ನಿಮ್ಮ ಬ್ಯಾಂಕ್ ಸಾಲ 20 ವರ್ಷದ್ದು ಅಂತ ಇಟ್ಟುಕೊಳ್ಳಿ. ಆ 20 ವರ್ಷದಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 56. ಅರ್ಧಕ್ಕಿಂತ ಜಾಸ್ತಿ ಆಯಿತಲ್ಲ ರೀ. ಯಾವಾಗಲೋ ಒಂದು ಸಲ ಬಂದ ಮಳೆ ಅನ್ನುವ ಏಜೆಂಟರಿಗೆ ಈ ಲೆಕ್ಕ ತೋರಿಸಿ.

ಸರಪಳಿ_ಗುಂಟೆ:

ಚಿಕ್ಕೋಡಿಯವರೇ, ಬಹಳ ಉಪಕಾರ ಮಾಡಿದಿರಿ. ಈ 56ರ ಲೆಕ್ಕವನ್ನು ಸೈಟು ಮಾರುವ ಪ್ರತಿ ಕಚೇರಿಯ ಗೋಡೆಗೆ ಅಂಟಿಸಬೇಕು.

ಪಂಚಾಯತಿ ನೌಕರರೇ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ. ಸರ್ವೆಯಲ್ಲಿ ನಮ್ಮದೂ ಅದೇ ಪಾಡು. ಉದ್ದ, ಅಗಲ, ವಿಸ್ತೀರ್ಣ, ಗಡಿ, ಇಷ್ಟಕ್ಕೇ ನಮ್ಮ ಸ್ಕೆಚ್ಚು ಮುಗಿಯುತ್ತಿತ್ತು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ ಅಂತ ಇಂಚು ತಪ್ಪದೆ ಅಳೆದು ಕೊಡುತ್ತಿದ್ದೆವು. ಆ ಗುಂಟೆ ಏರಿನಲ್ಲಿದೆಯೋ ತಗ್ಗಿನಲ್ಲಿದೆಯೋ ಅಂತ ಸ್ಕೆಚ್ಚಿನಲ್ಲಿ ತೋರಿಸುತ್ತಿರಲಿಲ್ಲ.

ಈ ಕಾಲಂ ಬೇಕು ಅನ್ನುವ ಮಾತು ಹೊಸದೇನೂ ಅಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ನೆರೆ ಬಯಲಿನ ವಲಯ ಗುರುತಿಸುವ ಮಾದರಿ ಮಸೂದೆ ಬರೆದು ಎಲ್ಲಾ ರಾಜ್ಯಗಳಿಗೂ ಕಳಿಸಿತು. ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು 100 ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಸರ್ಕಾರಿ ಕಚೇರಿ 25 ವರ್ಷದ್ದಕ್ಕಿಂತ ಮೇಲಿರಬೇಕು. ತೀರಾ ತಗ್ಗಿನಲ್ಲಿ ಪಾರ್ಕು, ಆಟದ ಮೈದಾನ ಇರಲಿ. ಆಯೋಗ ಕೊಟ್ಟ ದಾರಿ ಇದು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಇದಕ್ಕೆ ಕಾಯ್ದೆ ಮಾಡಿದವು. ನಮ್ಮ ರಾಜ್ಯ ಮಾಡಲಿಲ್ಲ. ಭೂಮಿ ರಾಜ್ಯದ ವಿಷಯ, ಹಾಗಾಗಿ ಕೇಂದ್ರ ಬಲವಂತ ಮಾಡಲು ಬರುವುದಿಲ್ಲ. ನಮ್ಮ ವಿಧಾನಸೌಧದಲ್ಲೇ ಆಗಬೇಕಾದ ಕೆಲಸ ಇದು.

ಅಲ್ಲಿಯವರೆಗೆ ಬೆಂಗಳೂರಿನಂಥ ಊರಿಗೆ ಮೀಟರ್ ಲೆಕ್ಕ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಇರಲೇಬೇಕು. ಕಾಲುವೆ ಹೂಳೆತ್ತುವ ಯಂತ್ರ ಓಡಾಡಲು, ನೀರು ಹರಡಿಕೊಳ್ಳಲು ಆ ಜಾಗ ಬೇಕೇ ಬೇಕು. ಆದರೆ ಅದರ ಜೊತೆಗೆ, ಪ್ರತಿ ಲೇಔಟ್ ನಕ್ಷೆಯ ಮೇಲೆ ಹತ್ತಿರದ ಕಾಲುವೆಯ ದಡದ ಮಟ್ಟ ಎಷ್ಟು, ಅತಿ ತಗ್ಗಿನ ಸೈಟಿನ ಮಟ್ಟ ಎಷ್ಟು, 2022ರ ನೀರು ಎಲ್ಲಿವರೆಗೆ ಬಂದಿತ್ತು, ಈ ಮೂರು ಅಂಕಿ ಬರೆಯಲೇಬೇಕು ಅಂತ ಮಾಡಲಿ. ಇದಕ್ಕೆ ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ. ಮಳೆ ಅಂಕಿಅಂಶ ಇದ್ದೇ ಇದೆ. ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. ಲೆವೆಲ್ ನೋಡುವ ಉಪಕರಣ ಯಾವ ಎಂಜಿನಿಯರ್ ಹತ್ತಿರವೂ ಇರುತ್ತದೆ. ಈಗ ಪಾಲಿಕೆ ಒಡೆದು ಐದು ಪಾಲಿಕೆ ಆಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ನಾಳೆ ಇನ್ನಷ್ಟು ಪಂಚಾಯತಿಗಳು ಅದಕ್ಕೆ ಸೇರುತ್ತವೆ. ಸೇರುವ ಮುಂಚೆ ತಗ್ಗಿನ ಗದ್ದೆಗಳೆಲ್ಲ ಸೈಟಾಗಿ ಹೋದರೆ, ಆಮೇಲೆ ಜೆಸಿಬಿ ಬಂದು ಒಡೆಯುವುದು ಬಡವರ ಮನೆಯನ್ನೇ. ಒಡೆದಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಳತೆ ತೋರಿಸಲು ನಾವೇ ಹೋಗಬೇಕಿತ್ತು. ಸಾಲ ಮಾಡಿ ಕಟ್ಟಿದವರು, ಅನುಮತಿ ಪತ್ರ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು.

ಮೊದಲ_ಮನೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆವು. ಯಜಮಾನರೇ ಪೈಪು ಹಿಡಿದರು. ಅಜ್ಜಿಯ ಗೋಡೆಯ ಗೆರೆ ನಮ್ಮ ಸೈಟಿನ ರಸ್ತೆ ಕಡೆಯ ಮೂಲೆಯಲ್ಲಿ 2 ಅಡಿ 10 ಇಂಚಿಗೆ ಬಂತು. ಹಳ್ಳದ ಕಡೆಯ ಮೂಲೆಯಲ್ಲಿ ಮೂರೂವರೆ ಅಡಿ. ಯಜಮಾನರು ಆ ಕೋಲು ನೋಡಿಕೊಂಡು ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರೇ ಅಪ್ಪನಿಗೆ ಫೋನ್ ಮಾಡಿ ಬೇಡ ಅಂತ ತೀರ್ಮಾನ ಮಾಡಿದ್ದೇವೆ ಅಂದರು.

ಹಳೇ ಪಹಣಿಯೂ ಸಿಕ್ಕಿತು. ತರಿ ಅಂತಲೇ ಇದೆ. ಕೆರೆಯ ಹೆಸರೂ ಇದೆ. ಹಳ್ಳದ ಜೊತೆ ಕೆಳಗೆ ನಡೆದು ನೋಡಿದೆವು. ಮುಂದಿನ ರಸ್ತೆಯ ಅಡಿಯಲ್ಲಿ ಎರಡು ಸಿಮೆಂಟ್ ಪೈಪು ಬಿಟ್ಟರೆ ಬೇರೆ ದಾರಿ ಇಲ್ಲ. ಒಂದರಲ್ಲಿ ಅರ್ಧ ಹೂಳು ತುಂಬಿದೆ.

ಒಂದೇ ಸಂಕಟ. ನಾವು ಬೇಡ ಅಂದ ಆ ಸೈಟನ್ನು ಬರುವ ವಾರವೇ ಇನ್ನೊಬ್ಬರು ನೋಡಲು ಬರುತ್ತಾರಂತೆ. ಏಜೆಂಟೇ ಹೇಳಿದರು. ಅವರೂ ನಮ್ಮ ಹಾಗೇ ಇರುತ್ತಾರೆ ಅಲ್ವಾ? ನಾವು ಸುಮ್ನೆ ಇದ್ದುಬಿಡುವುದು ಸರಿ ಅನ್ನಿಸುತ್ತಿಲ್ಲ. ಏನು ಮಾಡಬಹುದು ಸರ್?

ಸರಪಳಿ_ಗುಂಟೆ:

ಒಳ್ಳೇ ಮನಸ್ಸಮ್ಮ ನಿಮ್ಮದು. ಮಾಡಬಹುದು, ಕಷ್ಟ ಏನಿಲ್ಲ.

ಮಾಹಿತಿ ಹಕ್ಕಿನಲ್ಲಿ ಯೋಜನಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಉದ್ದುದ್ದ ಕಥೆ ಬರೆಯಬೇಡಿ, ಹಾಗೆ ಬರೆದರೆ ಅರ್ಥವಾಗಲಿಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಮಾತ್ರ ಕೇಳಿ. ಈ ಸರ್ವೆ ನಂಬರಿನ ಲೇಔಟ್ ಅನುಮೋದನೆಯ ಕಡತದಲ್ಲಿರುವ ಏರುತಗ್ಗಿನ ನಕ್ಷೆಯ ಪ್ರತಿ. ಕಾಲುವೆ ಬಗ್ಗೆ ಕಂದಾಯ ಇಲಾಖೆಯಿಂದ ಅಥವಾ ಸಣ್ಣ ನೀರಾವರಿ ಇಲಾಖೆಯಿಂದ ಪಡೆದ ಅಭಿಪ್ರಾಯ ಇದ್ದರೆ ಅದರ ಪ್ರತಿ. ಸ್ಥಳ ತನಿಖೆಯ ವರದಿಯ ಪ್ರತಿ, ತನಿಖೆ ಮಾಡಿದ ದಿನಾಂಕದ ಸಮೇತ. ತನಿಖೆ ಏಪ್ರಿಲ್‌ನಲ್ಲಿ ಆಗಿದೆಯೋ ಸೆಪ್ಟೆಂಬರ್‌ನಲ್ಲೋ ಅಂತ ದಿನಾಂಕ ಹೇಳುತ್ತದೆ.

ಪಂಚಾಯತಿಗೆ ಬೇರೆ ಒಂದು ಪತ್ರ ಕೊಡಿ. ಅದರಲ್ಲಿ ನೀವು ಅಳೆದ ಅಂಕಿ ಬರೆಯಿರಿ, ನಾಲ್ಕೂ ಮೂಲೆಯದ್ದು. ಅಜ್ಜಿಯ ಗೋಡೆಯ ಫೋಟೋ, ಪಕ್ಕದಲ್ಲಿ ಟೇಪು ಹಿಡಿದು ತೆಗೆದದ್ದು ಇರಲಿ. ಅಜ್ಜಿಗೆ ತೊಂದರೆ ಆಗದ ಹಾಗೆ ಅವರ ಹೆಸರು ಬೇಡ. ಹೂಳು ತುಂಬಿದ ಪೈಪಿನ ಫೋಟೋ ಕೂಡ ಹಾಕಿ, ಮೋರಿ ದೊಡ್ಡದು ಮಾಡಿ ಅಂತ ಕೇಳಿ. ಪತ್ರ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಮೇಲೆ ಅದು ಕಡತದಲ್ಲಿ ಇರುತ್ತದೆ. ನಾಳೆ ಆ ಬೀದಿಯ ಅರ್ಜಿ ಬಂದಾಗ ಮೇಲೆ ಬರೆದ ನೌಕರರಂಥವರಿಗೆ ತೋರಿಸಲು ಒಂದು ಹಾಳೆ ಇರುತ್ತದೆ. ಗ್ರಾಮ ಸಭೆ ಯಾವಾಗ ಅಂತಲೂ ಅಲ್ಲೇ ಕೇಳಿ ಬನ್ನಿ. ನೀವು ಆ ಊರಿನವರಲ್ಲ, ಹಾಗಾಗಿ ಅಲ್ಲಿ ಎದ್ದು ಮಾತಾಡಬೇಕಾದವರು ಅಜ್ಜಿಯ ಮನೆಯವರು. ಅವರಿಗೆ ಅಂಕಿ ಬರೆದು ಕೊಡಿ.

ಕೊಳ್ಳಲು ಬರುವವರ ವಿಷಯಕ್ಕೆ, ಆ ಅಜ್ಜಿಗೇ ಹೇಳಿ. ಗೋಡೆಯ ಗೆರೆಗೆ ಸುಣ್ಣ ಹೊಡೆಯಬೇಡಿ ಅಂತ.

ಇನ್ನೊಂದು ಮಾತು. ಬೇರೆ ಸೈಟು ನೋಡಲು ಹೋಗುವಾಗ ಆ ಮೇಸ್ತ್ರಿಯ ನಂಬರ್ ಇಟ್ಟುಕೊಂಡಿರಿ. ಪಹಣಿಯಲ್ಲಿ ಖುಷ್ಕಿ ಅಂತ ಇರುವ ಸರ್ವೆ ನಂಬರಿನಲ್ಲಿ ಹುಡುಕಿ. ಆ ಕಡೆಯ ಗ್ರಾಮ ನಕಾಶೆ ಓದಲು ಬರದಿದ್ದರೆ ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ.